ಕಾರು ಕೊಟ್ಟು ಕಾರು ತಂದವರು

ಅಮೆರಿಕದ ಡೆಟ್ರಾಯಿಟ್‌ನಲ್ಲಿ ನದಿ ದಂಡೆಗೆ ಬಂದು ದಕ್ಷಿಣಕ್ಕೆ ನೋಡಿದರೆ ಕಾಣುವುದು ಕೆನಡಾ. ನಕ್ಷೆಯಲ್ಲಿ ಮೇಲಿರುವ ದೇಶ ಇಲ್ಲಿ ಕೆಳಗೆ ಬಂದು ಕೂತಿದೆ. ಆಚೆ ದಡದ ಊರು ವಿಂಡ್ಸರ್. ಡೆಟ್ರಾಯಿಟ್‌ನಲ್ಲಿ ಫೋರ್ಡ್ ಕಂಪನಿ ಶುರುವಾದ ಮರುವರ್ಷವೇ, 1904ರಲ್ಲಿ, ವಿಂಡ್ಸರ್ ದಡದಲ್ಲಿ ಅದರ ಕೆನಡಾ ಕಂಪನಿ ಬಾಗಿಲು ತೆರೆಯಿತು. ಸಿದ್ಧ ಕಾರನ್ನು ನದಿ ದಾಟಿಸಿದರೆ ಭಾರೀ ಸುಂಕ. ಇಲ್ಲೇ ಜೋಡಿಸಿ ಮಾರಿದರೆ ಆ ಕಾಟ ಇರಲಿಲ್ಲ.

ಸುಂಕದ ಮರೆಯಲ್ಲಿ ಬೆಳೆದ ಆ ಉದ್ಯಮ 1960ರ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಕೆನಡಾದ ಕಾರು ಉದ್ಯಮ ಅಮೆರಿಕದ್ದರ ಹತ್ತನೇ ಒಂದರಷ್ಟು. ಆದರೆ ಗಿರಾಕಿಗಳಿಗೆ ಆಚೆ ದಡದವರಷ್ಟೇ ಬಗೆಬಗೆಯ ಮಾಡೆಲ್‌ಗಳು ಬೇಕು. ಹಾಗಾಗಿ ಒಂದೇ ಪುಟ್ಟ ಕಾರ್ಖಾನೆ ಹಲವು ಮಾಡೆಲ್‌ಗಳನ್ನು ಸ್ವಲ್ಪ ಸ್ವಲ್ಪವೇ ಮಾಡಬೇಕು. ತಗಡನ್ನು ಬಾಗಿಲಿನ ಆಕಾರಕ್ಕೆ ಒತ್ತುವ ಪ್ರೆಸ್ಸನ್ನೇ ನೋಡಿ. ಅದರ ಡೈಗೆ, ಅಂದರೆ ಅಚ್ಚಿಗೆ, ಹತ್ತು ಸಾವಿರ ಬಾಗಿಲು ಒತ್ತಿದರೂ ಅದೇ ಖರ್ಚು, ಲಕ್ಷ ಒತ್ತಿದರೂ ಅದೇ ಖರ್ಚು. ಮಾಡೆಲ್ ಬದಲಾದಾಗಲೆಲ್ಲ ಕೆಲಸ ನಿಲ್ಲಿಸಿ, ಡೈ ಇಳಿಸಿ, ಇನ್ನೊಂದನ್ನು ಏರಿಸಿ, ಸರಿಹೊಂದಿಸಬೇಕು. ಕೆಲಸಗಾರರ ಕೈಚಳಕಕ್ಕೇನೂ ಕೊರತೆ ಇರಲಿಲ್ಲ. ಆದರೂ ಕೆನಡಾದ ಉತ್ಪಾದಕತೆ ಅಮೆರಿಕದ್ದಕ್ಕಿಂತ ಸುಮಾರು ಶೇ 30ರಷ್ಟು ಕಡಿಮೆ. 1962ರಲ್ಲಿ ಕೆನಡಾ ಅಮೆರಿಕಕ್ಕೆ ಮಾರಿದ ವಾಹನ, ಬಿಡಿಭಾಗಗಳ ಬೆಲೆ 1.6 ಕೋಟಿ ಡಾಲರ್, ಕೊಂಡದ್ದು 51.9 ಕೋಟಿ ಡಾಲರ್‌ನಷ್ಟು.

ಮೊದಲು ಕೆನಡಾ ಒಂದು ಉಪಾಯ ಹೂಡಿತು: ರಫ್ತು ಹೆಚ್ಚಿಸಿದ ಕಂಪನಿಗೆ ಆಮದು ಸುಂಕದಲ್ಲಿ ವಿನಾಯಿತಿ. ಇದು ಸಬ್ಸಿಡಿಯೇ ಎಂದು ಅಮೆರಿಕದ ರೇಡಿಯೇಟರ್ ತಯಾರಕ ಕಂಪನಿಯೊಂದು ತಗಾದೆ ತೆಗೆಯಿತು. ಸುಂಕದ ಕಾಳಗಕ್ಕೆ ಇಳಿಯುವ ಬದಲು ಎರಡೂ ಸರ್ಕಾರಗಳು ಮಾತುಕತೆಗೆ ಕೂತವು. 1965ರ ಜನವರಿ 16ರಂದು ಟೆಕ್ಸಾಸ್‌ನ ತಮ್ಮ ಜಾನುವಾರು ತೋಟದ ಮನೆಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್, ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಜೊತೆ ‘ಆಟೊ ಪ್ಯಾಕ್ಟ್’ಗೆ ಸಹಿ ಹಾಕಿದರು.

ಈ ಒಪ್ಪಂದದಿಂದ ಗಡಿಯಲ್ಲಿ ತಯಾರಕರ ಸುಂಕ ಹೋಯಿತು; ಕಂಪನಿಗಳು ಕೂಡಲೇ ಕೆಲಸ ಹಂಚಿಕೊಂಡವು. ಕೆನಡಾದ ಕಾರ್ಖಾನೆಗೆ ಕೆಲವೇ ಮಾಡೆಲ್, ಆದರೆ ಎರಡೂ ದೇಶಗಳಿಗೆ ಸಾಲುವಷ್ಟು. ಉಳಿದವು ಆ ಕಡೆಯಿಂದ ಬಂದವು. 1968ಕ್ಕೆ ಕೆನಡಾದ ರಫ್ತು 240 ಕೋಟಿ ಡಾಲರ್, ಆಮದು 290 ಕೋಟಿ. 1970ರ ದಶಕದ ಆರಂಭದಲ್ಲಿ ಉತ್ಪಾದಕತೆ ಅಮೆರಿಕದ ಮಟ್ಟಕ್ಕೇ ಬಂದು ನಿಂತಿತು.

ಅರ್ಥಶಾಸ್ತ್ರದ ಪುಸ್ತಕಗಳು ಇಂಥದ್ದನ್ನು ನಿರೀಕ್ಷಿಸಿರಲಿಲ್ಲ. 1817ರಲ್ಲಿ ಡೇವಿಡ್ ರಿಕಾರ್ಡೊ ಕೊಟ್ಟ ಉದಾಹರಣೆಯಲ್ಲಿ ಇಂಗ್ಲೆಂಡ್ ಬಟ್ಟೆ ಕೊಡುತ್ತದೆ, ಪೋರ್ಚುಗಲ್ ದ್ರಾಕ್ಷಾರಸ ಕೊಡುತ್ತದೆ. ಎರಡು ದೇಶಗಳ ನಡುವೆ ವ್ಯತ್ಯಾಸ ಇದ್ದರೇ ವ್ಯಾಪಾರ. ಕಾರು ಮಾಡುವವರು ಕಾರು ಮಾಡುವವರಿಗೇ ಕಾರು ಮಾರುವುದು ತಿಪಟೂರಿಗೆ ತೆಂಗಿನಕಾಯಿ ಹೊತ್ತ ಹಾಗೆ. ಆದರೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲೂ ಇದೇ ನಡೆಯುತ್ತಿದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಬೇಲಾ ಬಲಾಸ್ಸಾ 1960ರ ದಶಕದಲ್ಲೇ ಗಮನಿಸಿದ್ದರು. 1975ರಲ್ಲಿ ಹರ್ಬರ್ಟ್ ಗ್ರೂಬೆಲ್ ಮತ್ತು ಪೀಟರ್ ಲಾಯ್ಡ್ ಇದನ್ನು ಅಳೆಯುವ ಸೂಚ್ಯಂಕವನ್ನು ತಮ್ಮ ಪುಸ್ತಕದಲ್ಲಿ ಕೊಟ್ಟರು. ಒಂದೇ ಉದ್ಯಮದ ರಫ್ತು, ಆಮದು ಸರಿಸಮವಾಗಿದ್ದರೆ 100; ವ್ಯಾಪಾರ ಒಂದೇ ದಿಕ್ಕಿನದಾದರೆ ಸೊನ್ನೆ. ಮೇಲಿನ ಅಂಕಿಗಳನ್ನೇ ಇಟ್ಟು ಲೆಕ್ಕ ಹಾಕಿದರೆ 1962ರಲ್ಲಿ ಕೆನಡಾಕ್ಕೆ ಸಿಗುವುದು ಬರೀ 6. ಆರೇ ವರ್ಷಗಳಲ್ಲಿ ಅದು 90 ದಾಟಿದೆ.

‘ಯಾಕೆ’ ಎಂಬುದಕ್ಕೆ 1979ರಲ್ಲಿ ಪಾಲ್ ಕ್ರುಗ್ಮನ್ ಸೂತ್ರ ಕಟ್ಟಿಕೊಟ್ಟರು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಖರ್ಚು ಇಳಿಯುತ್ತದೆ, ಕೊಳ್ಳುವವರಿಗೆ ವೈವಿಧ್ಯ ಬೇಕು. ಇವೆರಡೇ ಇದ್ದರೆ ಸಾಕು, ಎಲ್ಲದರಲ್ಲೂ ಒಂದೇ ಥರದ ದೇಶಗಳೂ ವ್ಯಾಪಾರ ಮಾಡುತ್ತವೆ. ಈ ಹಾದಿಯ ಕೆಲಸಕ್ಕೆ ಅವರಿಗೆ 2008ರ ನೊಬೆಲ್ ಸಂದಿತು. ವಿಂಡ್ಸರ್‌ನ ಫೋರ್‌ಮನ್‌ಗೆ ಮಾತ್ರ ಡೈ ಬದಲಿಸುವಾಗಲೇ ಇದರ ಅರ್ಧ ಗೊತ್ತಿದ್ದಿರಬೇಕು.

ಈ ಬಗೆಯ ವ್ಯಾಪಾರದಲ್ಲಿ ನೋವು ಕಡಿಮೆ ಎಂಬ ಮಾತಿದೆ. ಅದರಲ್ಲಿ ಹುರುಳಿದೆ: ನೇಕಾರ ಮಗ್ಗ ಬಿಟ್ಟು ದ್ರಾಕ್ಷಿ ತೋಟಕ್ಕೆ ಹೋಗಬೇಕಿಲ್ಲ, ಕಾರು ಜೋಡಿಸುವವ ಬೇರೆ ಕಾರು ಜೋಡಿಸಿದರಾಯಿತು. ಆದರೆ ಆಟೊ ಪ್ಯಾಕ್ಟನ್ನು ಮುಕ್ತ ವ್ಯಾಪಾರ ಎಂದು ಹೊಗಳುವವರ ಜೊತೆ ನನ್ನ ತಕರಾರಿದೆ. ಕೆನಡಾದಲ್ಲಿ ಸುಂಕ ಮನ್ನಾ ಆದದ್ದು ತಯಾರಕರಿಗೆ. ಅದೂ ದೇಶದೊಳಗೆ ಇಂತಿಷ್ಟು ಉತ್ಪಾದಿಸಿದವರಿಗೆ. ಸೇತುವೆ ದಾಟಿ ಹೋಗಿ ತನಗೊಂದು ಹೊಸ ಕಾರು ತರುವ ಸಾಮಾನ್ಯನಿಗೆ ಸುಂಕ ತಪ್ಪಲಿಲ್ಲ. ಕೆನಡಾದಲ್ಲಿ ಕಾರಿನ ಬೆಲೆ ಅಮೆರಿಕದ್ದಕ್ಕಿಂತ ಹೆಚ್ಚೇ ಉಳಿಯಿತು. ಲಾಭದ ದೊಡ್ಡ ಪಾಲು ಕಂಪನಿಗಳದ್ದು, ಉಳಿದದ್ದು ಉದ್ಯೋಗದ ರೂಪದಲ್ಲಿ ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತದ್ದು. ಕೆಲಸ ಬಂತು ನಿಜ, ಆದರೆ ಯಾವ ಮಾಡೆಲ್ ಎಲ್ಲಿ ಎಂಬ ತೀರ್ಮಾನ ಡೆಟ್ರಾಯಿಟ್‌ನಲ್ಲೇ ಉಳಿಯಿತು.

ಜಪಾನ್ ಮತ್ತು ಯುರೋಪಿನ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಂದದ ಷರತ್ತುಗಳು ನಿಯಮಬಾಹಿರ ಎಂದು 2000ದಲ್ಲಿ ತೀರ್ಪಿತ್ತಿತು. ಮರುವರ್ಷ ಒಪ್ಪಂದ ಮುಗಿಯಿತು. ಅಷ್ಟರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ನಾಫ್ಟಾ ಬಂದಾಗಿತ್ತು, ಮೆಕ್ಸಿಕೊ ಕೂಡಿಕೊಂಡಿತ್ತು; ಒಂದೇ ಬಿಡಿಭಾಗ ಹಲವು ಸಲ ಗಡಿ ದಾಟಿ ಕಾರಿನೊಳಗೆ ಸೇರುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಆಮದು ಕಾರುಗಳ ಮೇಲೆ ಶೇ 25ರ ಸುಂಕ ಹೇರಿದಾಗ ತೊಡಕಾದದ್ದು ಇಲ್ಲಿಯೇ. ಮೂರು ದೇಶಗಳ ಒಪ್ಪಂದಕ್ಕೆ ಬದ್ಧವಾದ ಕಾರಾದರೆ, ಅದರೊಳಗಿನ ಅಮೆರಿಕದ ಪಾಲನ್ನು ಕಳೆದು ಉಳಿದದ್ದಕ್ಕೆ ಮಾತ್ರ ಸುಂಕ ಎಂದು ಅಮೆರಿಕವೇ ಹೇಳಬೇಕಾಯಿತು. ಒಂದು ಕಾರಿನಲ್ಲಿ ಆ ಪಾಲು ಎಷ್ಟು ಎಂಬುದಕ್ಕೆ ದಾಖಲೆ ಒದಗಿಸುವ ಕೆಲಸ ಕಂಪನಿಗಳ ಹೆಗಲಿಗೆ ಬಿತ್ತು.