ಆಪರೇಷನ್‌ಗೆ ಮುಂಚೆ ಅಜ್ಜಿಯನ್ನೂ ಕೇಳಿ!

ಕಳೆದ ಮಳೆಗಾಲದ ಮಾತು. ನನ್ನ ನಾದಿನಿಯ ಮಗಳಿಗೆ ಟಾನ್ಸಿಲ್ ಆಪರೇಷನ್ ಗೊತ್ತಾಗಿತ್ತು. ಮಡಿಕೇರಿಯಿಂದ ಮೈಸೂರಿಗೆ ಫ್ಲಾಸ್ಕು, ಕಂಬಳಿ ಸಮೇತ ಹೊರಟೆವು. ರಕ್ತಸ್ರಾವ ನಿಲ್ಲುವ, ಹೆಪ್ಪುಗಟ್ಟುವ ಸಮಯ ನೋಡುವ ಬಿ.ಟಿ., ಸಿ.ಟಿ. ಪರೀಕ್ಷೆ ಎರಡೂ ನಾರ್ಮಲ್. ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, “ಮನೇಲಿ ಯಾರಿಗಾದ್ರೂ ರಕ್ತ ಜಾಸ್ತಿ ಹೋಗೋ ತೊಂದರೆ ಇದ್ಯಾ?” ಅಂತ ಕೇಳಿದರು.

“ಇಲ್ಲ ಡಾಕ್ಟ್ರೇ” ಅಂದಳು ನಾದಿನಿ. ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಸುಮ್ಮನಿರಲಿಲ್ಲ. “ಏನು ಇಲ್ಲ ಅಂತೀಯ? ಹೋದ ವರ್ಷ ಇವಳ ಹಲ್ಲು ಕೀಳಿಸಿದಾಗ ಎರಡು ರಾತ್ರಿ ರಕ್ತ ನಿಲ್ಲಲಿಲ್ಲ. ನಿನ್ನ ಹೆರಿಗೇಲಿ ಎರಡು ಬಾಟ್ಲಿ ರಕ್ತ ಕೊಡಿಸಿದ್ದು ಮರೆತುಹೋಯ್ತಾ?”

ಆಪರೇಷನ್ ಮುಂದಕ್ಕೆ ಹೋಯಿತು. ವಿಶೇಷ ಪರೀಕ್ಷೆಯಲ್ಲಿ ಗೊತ್ತಾಗಿದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ತಿಂಗಳ ನಂತರ, ತಕ್ಕ ಔಷಧಿ ಕೊಟ್ಟು ಅದೇ ಆಪರೇಷನ್ ಮಾಡಿದರು. ಹುಡುಗಿ ಆರಾಮಾಗಿದ್ದಾಳೆ. ಆಮೇಲೆ ನಾದಿನಿ ಮೆಲ್ಲಗೆ ಹೇಳಿದಳು: “ಅತ್ತಿಗೆ, ನಾಳೆ ಇವಳ ಮದುವೆಗೆ ತೊಡಕಾಗಬಾರದು ಅಂತ ಸುಮ್ಮನಿದ್ದೆ.”

ಈ ಸುಮ್ಮನಿರುವಿಕೆಯೇ ಅಪಾಯ. ಫಿನ್ಲೆಂಡಿನ ಡಾ. ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಈ ಕಾಯಿಲೆಯ ಬಗ್ಗೆ ಮೊದಲು ಬರೆದದ್ದು ಓಲಾಂಡ್ ದ್ವೀಪದ ಪುಟ್ಟ ಹುಡುಗಿಯೊಬ್ಬಳನ್ನು ಪರೀಕ್ಷಿಸಿದ ಮೇಲೆ. ಆ ಹುಡುಗಿ ಮುಂದೆ ಹದಿಹರೆಯದಲ್ಲಿ ತೀರಿಕೊಂಡಿದ್ದು ಮುಟ್ಟಿನ ರಕ್ತಸ್ರಾವದಿಂದ! ಹಿಮೊಫಿಲಿಯಾ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಆದರೆ ಅದನ್ನು ಹೊತ್ತ ತಾಯಂದಿರಲ್ಲೂ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕಡಿಮೆ ಇರಬಹುದು. ವಾನ್ ವಿಲ್ಲೆಬ್ರಾಂಡ್ ಹೆಣ್ಣು, ಗಂಡು ಇಬ್ಬರಿಗೂ ಬರುತ್ತೆ. ಕೆಲವು ಅಪರೂಪದ ಕಾಯಿಲೆಗಳು ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಸೋದರಸಂಬಂಧದ ಮದುವೆಗಳಿರುವ ಮನೆಗಳು ಇನ್ನಷ್ಟು ಎಚ್ಚರವಾಗಿರಬೇಕು.

ರಿಪೋರ್ಟ್ ನಾರ್ಮಲ್ ಅಂದರೆ ಸಾಕಲ್ಲವೇ? ಸಾಲದು. ಸೌಮ್ಯ ವಾನ್ ವಿಲ್ಲೆಬ್ರಾಂಡ್ ಸಾಮಾನ್ಯ ಪರೀಕ್ಷೆಗಳಲ್ಲಿ ತಪ್ಪಿಸಿಕೊಳ್ಳಬಹುದು. ಗರ್ಭಿಣಿಯರಲ್ಲಂತೂ ಅದರ ಅಂಶ ತಾನಾಗಿ ಏರಿರುತ್ತದೆ. ಫ್ಯಾಕ್ಟರ್ 13 ಕಡಿಮೆ ಇದ್ದವರ ಪಿ.ಟಿ., ಎ.ಪಿ.ಟಿ.ಟಿ. ನಾರ್ಮಲ್ ಆಗಿಯೇ ಬರುತ್ತವೆ. ಆದರೆ ಆಪರೇಷನ್ ಮುಗಿದು ಒಂದೆರಡು ದಿನದ ಮೇಲೆ ರಕ್ತ ಸೋರಲು ಶುರುವಾಗಬಹುದು. ಗ್ಲಾನ್ಜ್‌ಮನ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಿರುತ್ತೆ, ಅವು ಕೆಲಸ ಮಾಡಲ್ಲ ಅಷ್ಟೆ. ಉಲ್ಟಾನೂ ಉಂಟು: ಫ್ಯಾಕ್ಟರ್ 12 ಕಡಿಮೆಯಿದ್ದರೆ ಎ.ಪಿ.ಟಿ.ಟಿ. ಏರಿ ಹೆದರಿಸುತ್ತದೆ, ಆದರೆ ರಕ್ತಸ್ರಾವ ಆಗುವುದಿಲ್ಲ! ಅದಕ್ಕೇ ಡಾಕ್ಟರಿಗೆ ರಿಪೋರ್ಟಿನ ಜೊತೆ ಮನೆಯ ಕಥೆಯೂ ಬೇಕು.

ಏನೇನು ಹೇಳಬೇಕು?

* ಹಲ್ಲು ಕೀಳಿಸಿದಾಗ, ಕಿವಿ ಚುಚ್ಚಿಸಿದಾಗ, ಹಿಂದಿನ ಆಪರೇಷನ್‌ನಲ್ಲಿ ರಕ್ತ ಎಷ್ಟು ಹೊತ್ತು ಹೋಯಿತು
* ಮುಟ್ಟು 7 ದಿನ ದಾಟುತ್ತದೆಯೇ, ಗಂಟೆ-ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕೇ, ದೊಡ್ಡ ಗಡ್ಡೆ ಬೀಳುತ್ತವೆಯೇ
* ಹೆರಿಗೆಯಲ್ಲಿ ರಕ್ತ ಕೊಡಿಸಬೇಕಾಯಿತೇ
* ಮಗುವಿನ ಹೊಕ್ಕುಳಿನಿಂದ ರಕ್ತ ಸೋರಿತ್ತೇ, ಸುಮ್ಮಸುಮ್ಮನೆ ಮಂಡಿ ಊದುತ್ತದೆಯೇ
* ಆಸ್ಪಿರಿನ್, ನೋವಿನ ಮಾತ್ರೆ, ನಾಟಿ ಔಷಧಿ ಏನಾದರೂ ತಗೋತಿದ್ದೀರಾ

ಜಿಗಣೆ ಕಚ್ಚಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ! ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಕಾಫಿ ತೋಟದಲ್ಲಿ ಓಡಾಡುವ ಎಲ್ಲರಿಗೂ ಆ ಗಾಯ ಹೊತ್ತುಗಟ್ಟಲೆ ಸೋರುತ್ತೆ. ಇನ್ನೊಂದು ಮಾತು. ಹಿಮೊಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆಯಲ್ಲಿ ಹಿಂದೆ ಯಾರಿಗೂ ಅದು ಇದ್ದಿರುವುದಿಲ್ಲ. ಹಾಗಾಗಿ “ನಮ್ಮ ವಂಶದಲ್ಲಿ ಇಲ್ಲ” ಅಂತ ನಿಮ್ಮ ಮಗುವಿನ ಲಕ್ಷಣವನ್ನು ತಳ್ಳಿಹಾಕಬೇಡಿ.

ಕಾಯಿಲೆ ಇದೆಯೆಂದು ಗೊತ್ತಿದ್ದರೆ ಆಪರೇಷನ್ ಬೇಡ ಎಂದಲ್ಲ, ತಯಾರಿ ಬೇಕು ಅಷ್ಟೆ. ಯಾವ ಫ್ಯಾಕ್ಟರ್ ಎಷ್ಟಿದೆ, ಅದನ್ನು ಕೊಟ್ಟರೆ ಶರೀರ ತಿರಸ್ಕರಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸುತ್ತಾರೆ. ಆಪರೇಷನ್‌ಗೆ ಮುಂಚೆ, ಗಾಯ ಮಾಯುವ ತನಕವೂ ಫ್ಯಾಕ್ಟರ್ ಕೊಡುತ್ತಾರೆ. ಸಣ್ಣಪುಟ್ಟದ್ದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಸಾಕಾಗಬಹುದು. ಇದೆಲ್ಲ ರಕ್ತರೋಗ ತಜ್ಞರ ತೀರ್ಮಾನ, ಅಂಗಡಿಯಿಂದ ನೀವೇ ತಂದು ನುಂಗಬೇಡಿ. ನಮಗೆ ಮೈಸೂರು, ಮಂಗಳೂರು ಎರಡೂ ನೂರು ಕಿಲೋಮೀಟರ್ ಮೀರಿದ ಘಟ್ಟದ ದಾರಿ. ಆದ್ದರಿಂದ ಫ್ಯಾಕ್ಟರ್ ಎಲ್ಲಿ ಸಿಗುತ್ತದೆ, ಮನೆಗೆ ಬಂದ ಮೇಲೆ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು, ಎರಡನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಸ್ವತಃ ಹಿಮೊಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿಯವರು ದಾವಣಗೆರೆಯಲ್ಲಿ ಕಟ್ಟಿದ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯಲ್ಲೂ ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೊಫಿಲಿಯಾ ಕೂಡ ಸೇರಿದೆ ಎಂಬುದು ನೆನಪಿರಲಿ.

ಹುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರುತ್ತೀರಲ್ಲ, ಈ ಸಲ ಹಿರಿಯ ಹೆಂಗಸರ ಪಕ್ಕ ಕೂತು ಯಾರ ಹೆರಿಗೆ ಹೇಗಾಯಿತು, ಯಾರಿಗೆ ರಕ್ತ ನಿಲ್ಲಲಿಲ್ಲ ಅಂತ ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆ ಫೈಲಿನಲ್ಲಿ ಮೊದಲ ಹಾಳೆ ಅದೇ ಇರಲಿ. ಮದುವೆ ಮಾತು ಆಮೇಲೆ, ಮೊದಲು ಮಗಳು ಕ್ಷೇಮವಾಗಿ ಮನೆಗೆ ಬರಲಿ. ಅಲ್ವೇ?