ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಕಳೆದ ತಿಂಗಳ ಒಂದು ಸಂಜೆ, ಗಿಂಡಿ ರೈಲು ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಕೆಲಸ ಮಾಡುವ ಕುಂದಾಪುರದ ಕಡೆಯ ತರುಣನೊಬ್ಬನು ಚೀಲ ಹಿಡಿದು ನಮ್ಮ ಕಛೇರಿಗೆ ಬಂದನು. ರಾತ್ರಿಯ ಮಂಗಳೂರು ಮೈಲಿನಲ್ಲಿ ಊರಿಗೆ ಹೊರಟಿರುವುದಾಗಿಯೂ, ಬರಬೇಕಾದ ಸಂಬಳವನ್ನು ಮಾಲಿಕರಿಂದ ಕೇಳಿ ಕಳುಹಿಸಿಕೊಡಬೇಕೆಂದೂ ಬೇಡಿಕೊಂಡನು. ಕಾರಣವೇನೆಂದು ವಿಚಾರಿಸಲು, ಫೋನನ್ನು ತೆರೆದು ನಮ್ಮ ಮುಂದೆ ಹಿಡಿದನು. ಸಾಲಾಗಿ ನಿಂತ ಬಸ್ಸುಗಳು ಧಗಧಗನೆ ಉರಿಯುತ್ತಿದ್ದುವು. ಕೆಳಗೆ, "ಇಂದು ಬೆಂಗಳೂರಿನಲ್ಲಿ, ನಾಳೆ ಚೆನ್ನೈಯಲ್ಲಿ ಕನ್ನಡಿಗರ ಸರದಿ" ಎಂಬ ಬರಹ. ಅದು ಅವನಿಗಿಂತ ಮೊದಲೇ ಊರಿನಲ್ಲಿರುವ ತಾಯಿಗೆ ತಲಪಿತ್ತು. "ಮಗಾ, ಕೆಲಸ ಹೋದರೆ ಹೋಗಲಿ, ಇವತ್ತೇ ಹೊರಟು ಬಾ" ಎಂದು ಆಕೆ ಅತ್ತಳಂತೆ.

ನಾವು ಹಳೆಯ ಸಂಚಿಕೆಗಳ ಕಟ್ಟನ್ನು ಬಿಚ್ಚಿಸಿದೆವು. ಅದೇ ಬಸ್ಸುಗಳು, ಅದೇ ಬೆಂಕಿ. ದಿನಾಂಕ ಮಾತ್ರ 2016ರ ಸೆಪ್ಟೆಂಬರ್ 13. ಹುಡುಗನು ಚೀಲವನ್ನು ಕೆಳಗಿಟ್ಟನು. ಆದರೆ ಅಷ್ಟರೊಳಗೆ ಅವನು ಆ ಚಿತ್ರವನ್ನು ನಲವತ್ತು ಮಂದಿ ಹೋಟೆಲ್ ನೌಕರರಿರುವ ವಾಟ್ಸಾಪ್ ಗುಂಪಿಗೆ ರವಾನಿಸಿಬಿಟ್ಟಿದ್ದನು. "ಅದು ಹಳೆಯದು, ನಂಬಬೇಡಿ" ಎಂದು ಅವನಿಂದಲೇ ತಿದ್ದುಪಡಿ ಕಳುಹಿಸಿದೆವು. ಮೊದಲಿನದನ್ನು ಮುಂದಕ್ಕೆ ದಾಟಿಸಿದವರು ಹಲವರು. ತಿದ್ದುಪಡಿಗೆ ಉತ್ತರ ಕೊಟ್ಟವರು ನಾಲ್ವರು.

ಮರೆಯಲಾಗದ ದಿನ

ಆ ತಾಯಿಯ ಭಯವನ್ನು ಅಲ್ಲಗಳೆಯುವಂತಿಲ್ಲ. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ಕಾವೇರಿ ನೀರನ್ನು ಬಿಡುವಂತೆ ಕರ್ನಾಟಕಕ್ಕೆ ಆಜ್ಞಾಪಿಸಿತು. 9ರಂದು ಕರ್ನಾಟಕ ಬಂದ್ ನಡೆಯಿತು. ಕನ್ನಡ ಚಿತ್ರನಟರನ್ನು ಹಾಸ್ಯ ಮಾಡಿ ಫೇಸ್‌ಬುಕ್ಕಿನಲ್ಲಿ ಬರೆದನೆಂಬ ಕಾರಣಕ್ಕೆ ಬೆಂಗಳೂರಿನ ಒಬ್ಬ ತಮಿಳು ವಿದ್ಯಾರ್ಥಿಯನ್ನು ಕೆಲವರು ಹುಡುಕಿ ಹಿಡಿದು ಥಳಿಸಿದರು. ಥಳಿಸಿದ್ದಲ್ಲದೆ ಅದನ್ನು ಚಿತ್ರೀಕರಿಸಿ ಹರಡಿದರು. ಆ ಚಿತ್ರವು ಗಡಿ ದಾಟಿ ಇಲ್ಲಿಗೆ ಬಂದಿತು. 12ರ ಬೆಳಗಿನ ಜಾವ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳು ಬಿದ್ದುವು. ರಾಮೇಶ್ವರದಲ್ಲಿ ಕರ್ನಾಟಕದ ವಾಹನ ಚಾಲಕನೊಬ್ಬನಿಗೆ ಹೊಡೆದ ಚಿತ್ರವು ಅತ್ತ ಹೋಯಿತು. ಅದೇ ದಿನ ಬೆಂಗಳೂರಿನ ಒಂದೇ ಡಿಪೋದಲ್ಲಿ ಮೂವತ್ತಕ್ಕೂ ಮಿಕ್ಕಿದ ಬಸ್ಸುಗಳು ಭಸ್ಮವಾದುವು. ಗೋಲೀಬಾರಿನಲ್ಲಿ ಪ್ರಾಣಹಾನಿಯೂ ಆಯಿತು.

ಫೋನೇ ಸರ್ವದೋಷಕ್ಕೂ ಮೂಲವೆಂದು ನಾವು ಹೇಳುವುದಿಲ್ಲ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶದ ತರುವಾಯ ಬೆಂಗಳೂರಿನ ತಮಿಳರು ಘೋರ ಹಿಂಸೆಗೆ ಗುರಿಯಾದಾಗ ಯಾರ ಜೇಬಿನಲ್ಲಿಯೂ ಇಂಥ ಯಂತ್ರವಿರಲಿಲ್ಲ. ದ್ವೇಷಕ್ಕೆ ಯಂತ್ರ ಬೇಕಿಲ್ಲ. ಆದರೆ ಒಂದೂರಿನ ಏಟನ್ನು ಮತ್ತೊಂದೂರಿಗೆ ಕ್ಷಣಾರ್ಧದಲ್ಲಿ ಮುಟ್ಟಿಸುವ ಶಕ್ತಿ ಯಂತ್ರದ್ದು; ಆ ಏಟಿಗೆ ಪ್ರತಿ ಏಟು ತಿನ್ನುವವರು ಪರಊರಿನಲ್ಲಿ ಅನ್ನ ಸಂಪಾದಿಸಲು ಬಂದ ನಮ್ಮಂಥವರು.

ಪರಸ್ಥಳದವನೇ ಬಲಿ

2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗೆ ಪ್ರತೀಕಾರ ನಡೆಯಲಿದೆಯೆಂಬ ವದಂತಿಯಿಂದ ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರವು ಸಗಟು ಸಂದೇಶಗಳನ್ನು 15 ದಿನ ನಿಷೇಧಿಸಬೇಕಾಯಿತು.

2018ರಲ್ಲಿ ಮಕ್ಕಳ ಕಳ್ಳರ ಪುಕಾರು ಹಬ್ಬಿತು. ಹರಡಿದ ಚಿತ್ರಗಳಲ್ಲೊಂದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗೆಂದು ತಯಾರಿಸಿದ್ದ ಜಾಹೀರಾತು. ಅದರ ಕೊನೆಯನ್ನು ಕತ್ತರಿಸಿ ಸತ್ಯಘಟನೆಯೆಂದು ಹರಿಯಬಿಟ್ಟಿದ್ದರು. ಮೇ ತಿಂಗಳಲ್ಲಿ, ಚೆನ್ನೈಯಿಂದ ದೇವರ ದರ್ಶನಕ್ಕೆಂದು ತಿರುವಣ್ಣಾಮಲೈ ಜಿಲ್ಲೆಗೆ ಹೋಗಿದ್ದ ವೃದ್ಧೆಯೊಬ್ಬರನ್ನು, ಮಕ್ಕಳಿಗೆ ಮಿಠಾಯಿ ಕೊಟ್ಟದ್ದಕ್ಕಾಗಿ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ತರುಣನನ್ನು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರು ಬಲಿಯಾದರು. ಅಲ್ಲಿಯೂ ಮಕ್ಕಳಿಗೆ ಕೊಟ್ಟ ಮಿಠಾಯಿಯೇ ಸಂಶಯಕ್ಕೆ ಕಾರಣ. ಆ ತಿಂಗಳೇ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿತು.

2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಕೊಲ್ಲುತ್ತಿರುವರೆಂದು ಸುಳ್ಳು ಚಿತ್ರಗಳು ಹರಡಿ, ಎಷ್ಟೋ ಮಂದಿ ಹೆದರಿ ಊರಿಗೆ ಓಡಿದರು. ಬಿಹಾರ ಸರ್ಕಾರದ ತಂಡವೇ ಇಲ್ಲಿಗೆ ಬಂದು ವಿಚಾರಿಸಿಹೋಯಿತು. 1958ರಲ್ಲಿ ಸ್ಥಾಪಿತವಾದ ಈ ಗಿಂಡಿ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಉತ್ತರದ ಹುಡುಗರು ನಮ್ಮ ಹೋಟೆಲುಗಳಿಗೇ ಊಟಕ್ಕೆ ಬರುವರು. ಅವರ ತಾಯಂದಿರೂ ಅಂದು ಆ ಕುಂದಾಪುರದ ತಾಯಿಯಂತೆಯೇ ಅತ್ತಿರಬೇಕು.

ನಮ್ಮ ಗುಟ್ಟು ನಮ್ಮ ಕಾವಲು

ನಾವು ಹೋಟೆಲಿನ ಗಲ್ಲಾದ ಹಿಂದೆ ಕುಳಿತಿದ್ದ ಕಾಲದಲ್ಲಿಯೂ ಗಾಳಿಸುದ್ದಿಗಳು ಬರುತ್ತಿದ್ದುವು. ಆದರೆ ತಂದವನ ಮುಖ ಕಾಣುತ್ತಿತ್ತು. "ನಿನಗೆ ಹೇಳಿದವರಾರಯ್ಯ?" ಎಂದು ಕೇಳಿದರೆ ಅರ್ಧ ಸುದ್ದಿ ಅಲ್ಲಿಯೇ ಕರಗುತ್ತಿತ್ತು. ಈಗ ಹೇಳಿದವನು ಕಾಣುವುದಿಲ್ಲ. ನಾವು ಮಾತ್ರ ಅವನಿಗೆ ಕಾಣುವೆವು.

ಗುಂಪಿಗೆ ಸೇರಿದವನ ಫೋನ್ ಸಂಖ್ಯೆಯು ಸಾಮಾನ್ಯವಾಗಿ ಗುಂಪಿನವರೆಲ್ಲರಿಗೂ ತಿಳಿಯುವುದು. ಅದರೊಡನೆ ಹೆಸರು, ಕೆಲಸದ ಸ್ಥಳ, ಕೋಣೆಯ ವಿಳಾಸಗಳನ್ನೂ ಹಾಕಿದರೆ, ಶಾಂತಿಕಾಲದಲ್ಲಿ ಅದು ಸ್ನೇಹಿತರ ಪಟ್ಟಿ; 2016ರಂಥ ದಿನದಲ್ಲಿ ಅದೇ ಪಟ್ಟಿಯು ಯಾರ ಕೈಗೆ ಸಿಕ್ಕೀತೆಂದು ಯೋಚಿಸಿರಿ. ಆಧಾರ್ ಚೀಟಿಯ ಚಿತ್ರವನ್ನು ಗುಂಪಿಗೆ ಹಾಕುವ ಗುಮಾಸ್ತನೂ, ರಾತ್ರಿ ಗಲ್ಲಾದ ಹಣ ಎಣಿಸುವುದನ್ನು ಚಿತ್ರಿಸುವ ಹುಡುಗನೂ, ಮನೆಗೆ ಬೀಗ ಹಾಕಿ ಸಂಸಾರಸಮೇತ ಉಡುಪಿಗೆ ಹೊರಟೆವೆಂದು ಸಾರುವ ಗೃಹಸ್ಥನೂ ಕಳ್ಳನಿಗೆ ತಾವಾಗಿಯೇ ದಾರಿ ತೋರಿದಂತೆ.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಹಿರಿಯರೊಬ್ಬರು ನಮಗಾಗಿ ಗಳಿಸಿಕೊಟ್ಟ ಹಕ್ಕನ್ನು ನಾವು ಒಂದು ಬೆರಳಿನಿಂದ ಚೆಲ್ಲುವುದು ಉಚಿತವೇ?

ನಮ್ಮ ವಿಜ್ಞಾಪನೆ

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಭಯವನ್ನೋ ಕೋಪವನ್ನೋ ಹುಟ್ಟಿಸುವ ಚಿತ್ರ ಬಂದಾಗ, ಇದು ಎಲ್ಲಿಯದು, ಎಂದಿನದು, ಕಂಡವರಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರ ದೊರಕುವ ತನಕ ಅದು ನಿಮ್ಮಲ್ಲಿಯೇ ನಿಲ್ಲಲಿ. ನಿಜವಾದ ಅಪಾಯ ಕಂಡರೆ 112ಕ್ಕೆ ತಿಳಿಸಿರಿ. ಫೋನಿನ ಮೂಲಕ ಹಣ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಜನರಲ್ಲಿ ಭೀತಿಯನ್ನೋ ವೈರವನ್ನೋ ಎಬ್ಬಿಸುವ ಉದ್ದೇಶದಿಂದ ಸುಳ್ಳನ್ನು ಹರಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸಜೆಯುಂಟು. ಗುಂಪುಗಳ ಯಜಮಾನರು ಪರಿಚಯವಿಲ್ಲದವರನ್ನು ಸೇರಿಸದಿರಲಿ. ಊರಿನಲ್ಲಿರುವ ತಾಯಿತಂದೆಯರಿಗೆ ವಾರಕ್ಕೊಮ್ಮೆಯಾದರೂ ನೀವೇ ಮಾತನಾಡಿರಿ. ಮಗನ ದನಿಯನ್ನು ಕೇಳಿದ ತಾಯಿಯನ್ನು ಪುಕಾರು ಅಷ್ಟು ಸುಲಭವಾಗಿ ಹೆದರಿಸಲಾರದು.

ಆ ತರುಣನು ಮರುದಿನ ಬೆಳಿಗ್ಗೆ ಐದು ಗಂಟೆಗೆ ಎಂದಿನಂತೆ ಕೆಲಸಕ್ಕೆ ಹೋದನು. ಅವನ ಹೋಟೆಲಿನಲ್ಲಿ ಮೊದಲ ಕಾಫಿಗೆ ಬಂದವರು ಅದೇ ಬೀದಿಯ ತಮಿಳು ಆಟೋ ಚಾಲಕರು. "ನೇತ್ತು ಎಂಗೇ ತಂಬಿ?" (ನಿನ್ನೆ ಎಲ್ಲಿದ್ದೆ, ತಮ್ಮಾ?) ಎಂದು ಅವರು ಕೇಳಿದರಂತೆ. ಏನೆಂದು ಹೇಳುವುದೆಂದು ತೋಚದೆ, ಲೋಟಕ್ಕೆ ಡಿಕಾಕ್ಷನ್ ಒಂದಿಷ್ಟು ಜಾಸ್ತಿ ಹಾಕಿಕೊಟ್ಟೆನೆಂದು ಅವನೇ ನಮಗೆ ಹೇಳಿದನು.