ಗೋಳಗುಮ್ಮಟದೆತ್ತರದ ದಾರ, ತೆಂಗಿನಕಾಯಿಯೊಳಗೆ

ಒಂದು ರಾಗಿ ಕಾಳನ್ನು ಅಂಗೈ ಮೇಲಿಟ್ಟು ನೋಡಿ. ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್. ಕುದುರೆಗಳನ್ನು ಕಾಡುವ ಹರ್ಪಿಸ್ ವೈರಸ್, ಅಂದರೆ ಇಎಚ್‌ವಿ-1, ಈ ಕಾಳಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲುಗಟ್ಟಿ ನಿಂತರೆ 7,500 ವೈರಸ್ ಹಿಡಿಸುತ್ತವೆ! ಈಗ ಲೆಕ್ಕ ತಿರುಗಿಸೋಣ. ಒಂದು ವೈರಸ್ಸನ್ನೇ ರಾಗಿ ಕಾಳಿನಷ್ಟು ಮಾಡಿ, ಕುದುರೆಯನ್ನೂ ಅಷ್ಟೇ ಪಟ್ಟು ಹಿಗ್ಗಿಸಿದರೆ ಅದರ ಹೆಗಲು 12 ಕಿಲೋಮೀಟರ್ ಮೇಲೆ. 8,849 ಮೀಟರಿನ ಎವರೆಸ್ಟ್ ಪಕ್ಕದಲ್ಲಿ ನಿಂತರೆ ಅದರ ಪಕ್ಕೆಲುಬಿನ ಮಟ್ಟಕ್ಕೆ ಬಂದೀತು, ಅಷ್ಟೆ. ಅಂಥ ಕುದುರೆಯನ್ನು ಒಂದು ರಾಗಿ ಕಾಳು ಕೆಡವುತ್ತದೆ!

ಕಾಳಿನ ಒಳಗೆ ಇಣುಕೋಣ. ವೈರಸ್ಸಿನ ನಡುವೆ ಒಂದು ಗಟ್ಟಿ ಕರಟವಿದೆ, 162 ಬಿಲ್ಲೆಗಳನ್ನು ಜೋಡಿಸಿ ಕಟ್ಟಿದ್ದು. ಎಲ್ಲವನ್ನೂ ಹತ್ತು ಲಕ್ಷ ಪಟ್ಟು ಹಿಗ್ಗಿಸಿದರೆ ಆ ಕರಟ ಹನ್ನೆರಡೂವರೆ ಸೆಂಟಿಮೀಟರಿನ ತೆಂಗಿನಕಾಯಿ. ಅದರೊಳಗೆ ತುರುಕಿಟ್ಟ ಡಿಎನ್‌ಎ 2 ಮಿಲಿಮೀಟರ್ ದಪ್ಪದ ದಾರ. ಉದ್ದ? 51 ಮೀಟರ್! ವಿಜಯಪುರದ ಗೋಳಗುಮ್ಮಟದ ನೆತ್ತಿಯಿಂದ ಇಳಿಬಿಟ್ಟರೆ ನೆಲ ಮುಟ್ಟುವ ದಾರ ಒಂದು ತೆಂಗಿನಕಾಯಿಯಲ್ಲಿ.

ಕರಟದ ಹೊರಗಿನ ಹೊದಿಕೆಯಂತೂ ಕದಂಬದ ಹೂವೇ. ಗುಂಡಗೆ, ಮೈತುಂಬ ಮುಳ್ಳು. ಈ ವೈರಸ್ಸಿನ ಹತ್ತಿರದ ಬಂಧು, ಮನುಷ್ಯರ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್‌ನ ಮೈಮೇಲೆ 2003ರಲ್ಲಿ ಎಣಿಸಿದಾಗ ಸಿಕ್ಕ ಮುಳ್ಳುಗಳು 600ರಿಂದ 750. ಕುದುರೆ ವೈರಸ್ಸಿನ ಹೊದಿಕೆಯಲ್ಲಿರುವ, ಸಕ್ಕರೆ ಅಂಟಿದ ಪ್ರೋಟೀನುಗಳು 12 ಬಗೆ. ಅವುಗಳಲ್ಲಿ 'ಜಿಪಿ2' ಎಂಬುದು ಕುದುರೆ ಕುಲದ ಹರ್ಪಿಸ್‌ಗಳಿಗೇ ಮೀಸಲು. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ 'ಜಿಡಿ'. ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶವೂ 'ನಾನು ನಿಮ್ಮವನೇ' ಎಂದು ಕಾವಲುಗಾರರಿಗೆ ತೋರಿಸುವ ಗುರುತಿನ ಚೀಟಿಯೊಂದಿದೆ, ಎಂಎಚ್‌ಸಿ-1 ಎಂದು ಅದರ ಹೆಸರು. ಜಿಡಿ ಹೋಗಿ ಹಿಡಿದುಕೊಳ್ಳುವುದು ಆ ಚೀಟಿಯನ್ನೇ! 12 ಕಿಲೋಮೀಟರ್ ಎತ್ತರದ ಕೋಟೆಗೆ ರಾಗಿ ಕಾಳು ನುಗ್ಗುವುದು ಕಾವಲಿನವರಿಗೆ ತೋರಿಸುವ ಚೀಟಿ ಹಿಡಿದುಕೊಂಡೇ. ಇದು ಗೊತ್ತಾಗಿದ್ದು 2010ರಲ್ಲಿ. ಕೆಂಟಕಿಯಲ್ಲಿ ಡಿಮಾಕ್ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು ಕಂದು ಹಾಕುವ ಕುದುರೆಗಳ ಹಿಂದೆ ವೈರಸ್ ಇದೆ ಎಂದು ಹೇಳಿದ್ದು 1930ರ ದಶಕದಲ್ಲಿ. ಬಾಗಿಲು ಯಾವುದೆಂದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು.

ಈ ವೈರಸ್ಸಿನ ವಿದ್ಯೆಯೆಲ್ಲ ಒಂದೂವರೆ ಲಕ್ಷ ಅಕ್ಷರ, 76 ಜೀನು. ಪುಟಕ್ಕೆ 1,500 ಅಕ್ಷರದಂತೆ ಅಚ್ಚು ಹಾಕಿದರೆ ನೂರು ಪುಟದ ಸಣ್ಣ ಪುಸ್ತಕ. ಕುದುರೆಯದು 270 ಕೋಟಿ ಅಕ್ಷರ, ಅಂಥದ್ದೇ 18,000 ಪುಸ್ತಕ! ಅರ್ಧ ಸೆಂಟಿಮೀಟರ್ ದಪ್ಪದ ಆ ಪುಸ್ತಕಗಳನ್ನು ಪೇರಿಸಿದರೆ ಗೋಳಗುಮ್ಮಟವನ್ನು ದಾಟಿ ಇನ್ನೂ 39 ಮೀಟರ್ ಮೇಲಕ್ಕೆ ಹೋಗುತ್ತದೆ. ಆ ನೂರು ಪುಟದಲ್ಲಿ ಒಂದೇ ಒಂದು ಅಕ್ಷರ, 'ಎ' ಇದ್ದದ್ದು 'ಜಿ' ಆದ ವೈರಸ್ಸುಗಳೇ ಹಿಂಗಾಲು ಸೋತು ಕುಸಿದ ಕುದುರೆಗಳಲ್ಲಿ ಹೆಚ್ಚಾಗಿ ಸಿಗುತ್ತವೆ.

ಇನ್ನು ಕುದುರೆಯ ಸೈನ್ಯ. 500 ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 40 ಲೀಟರ್ ರಕ್ತ. ಅದರಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳೇ ಸುಮಾರು 8,000 ಕೋಟಿ, ಭೂಮಿಯ ಮೇಲಿನ ಮನುಷ್ಯರ ಹತ್ತು ಪಟ್ಟು! ಕಣ್ಣಿಗೆ ಕಾಣದ ಆ ಕಣಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲು 560 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ವಿಜಯಪುರ ದಾಟಿಬಿಡುತ್ತದೆ. ಇಷ್ಟು ದೊಡ್ಡ ಪಡೆ ಈ ವೈರಸ್ಸನ್ನು ಒಮ್ಮೆ ಎದುರಿಸಿದ ಮೇಲೆ ರಕ್ಷಣೆ ಕೊಡುವುದು ಮೂರರಿಂದ ಆರು ತಿಂಗಳು. ವೈರಸ್ ಮಾತ್ರ ಒಳಗೇ ಅಡಗಿ ಕುದುರೆಯ ಆಯಸ್ಸು ಪೂರ್ತಿ ಇರಬಲ್ಲದು, ಅಂದರೆ 25, 30 ವರ್ಷ. ಅಡಗುವ ಜಾಗಗಳಲ್ಲಿ ಅದೇ ಲಿಂಫೋಸೈಟ್ ಕೂಡ ಒಂದು!

2021ರಲ್ಲಿ ಸ್ಪೇನಿನ ವೆಲೆನ್ಸಿಯಾದ ಒಂದು ಕುದುರೆ ಸ್ಪರ್ಧೆಯಲ್ಲಿ ಈ ವೈರಸ್ ಭುಗಿಲೆದ್ದಾಗ ಯುರೋಪಿನಲ್ಲಿ 18 ಕುದುರೆಗಳು ಸತ್ತವು. 10 ದೇಶಗಳಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳು ನಿಂತವು.

ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಲಾಯದ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಕುದುರೆ ಗಬ್ಬ ಹೊರುವುದು 11 ತಿಂಗಳು. ಈ ವೈರಸ್ ತಗುಲಿದರೆ ಕೊನೆಯ ತಿಂಗಳುಗಳಲ್ಲಿ, ಮುನ್ಸೂಚನೆಯೇ ಇಲ್ಲದೆ, ಅದು ಕಂದು ಹಾಕಬಹುದು. ದಿನ ತುಂಬಿದ ಮರಿ 50 ಕಿಲೋ ತೂಗುತ್ತದೆ. ಆ ತೂಕಕ್ಕೆ ಎಷ್ಟು ವೈರಸ್ ಬೇಕು? ಒಂದರ ಮುಂದೆ 19 ಸೊನ್ನೆ! ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ 1,380 ಕೋಟಿ ವರ್ಷದ ಈ ವಿಶ್ವದ ಆಯಸ್ಸು ಇಪ್ಪತ್ತಕ್ಕೂ ಹೆಚ್ಚು ಸಲ ಕಳೆದುಹೋಗುತ್ತದೆ.

ಇದರೆದುರು ಮನುಷ್ಯರ ಕೈಯಲ್ಲಿರುವ ಸಂಖ್ಯೆಗಳು ಪುಟ್ಟವು. ಹಂದಿಯ ಜೀವಕೋಶಗಳಲ್ಲಿ 256 ಸಲ ಬೆಳೆಸಿ ಬೆಳೆಸಿ ಸೌಮ್ಯಗೊಳಿಸಿದ 'ರ‍್ಯಾಕ್‌ಎಚ್' ತಳಿಯಿಂದ ಜೀವಂತ ಲಸಿಕೆ ಬಂತು. ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ನಮ್ಮ ದೇಶದ್ದೇ ತಳಿಯಿಂದ ನಿಷ್ಕ್ರಿಯ ಲಸಿಕೆ ಮಾಡಿತು. ಲಸಿಕೆ ಎಲ್ಲ ಕುದುರೆಯನ್ನೂ ಉಳಿಸುವುದಿಲ್ಲ, ಆದರೆ ಲಾಯದಿಂದ ಲಾಯಕ್ಕೆ ಹಬ್ಬುವ ವೈರಸ್ಸನ್ನು ತಗ್ಗಿಸುತ್ತದೆ. ಗಬ್ಬದ ಕುದುರೆ ಸಾಕುವವರೇ, ನಿಷ್ಕ್ರಿಯ ಲಸಿಕೆ ಹಾಕಿಸಲು ಮೂರು ಅಂಕಿ ನೆನಪಿಡಿ: ಗಬ್ಬದ ಐದನೆಯ ತಿಂಗಳು, ಏಳನೆಯದು, ಒಂಬತ್ತನೆಯದು. ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪಶುವೈದ್ಯರಿಗೆ ತಿಳಿಸಿ.